ಅವ್ವ ಕೂತ ಹಿಂದಿನ ಚಾಪೆ

ಆಗೆಲ್ಲ ನಾಗಪುರದ ಜನವರಿಗೆ ಕಿತ್ತಳೆ ಸಿಪ್ಪೆಯ ವಾಸನೆ ಇರುತ್ತಿತ್ತು. ಶಾಲೆ ಬಿಟ್ಟು ಬಂದವರು ಪ್ರತಾಪ ನಗರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಸಿಪ್ಪೆ ಹಿಂಡಿ ಒಬ್ಬರ ಕಣ್ಣಿಗೊಬ್ಬರು ರಸ ಹಾರಿಸುತ್ತಿದ್ದೆವು. ತೊಂಬತ್ತರ ದಶಕದ ಮಾತು, ನನಗೆ ಒಂಬತ್ತು ವರ್ಷ. ಅಪ್ಪ ಗದಗಿನ ಕಡೆಯಿಂದ ವರ್ಗವಾಗಿ ಬಂದ ರೈಲ್ವೆ ನೌಕರರು. ಭಾನುವಾರ ಮಾತ್ರ ಅವರು ಸಭೆಯ ಹಿರಿಯರು. ಲಕ್ಷ್ಮೀ ನಗರದ ಒಂದು ಮನೆಯ ಪಡಸಾಲೆಯಲ್ಲಿ ಹದಿನೈದಿಪ್ಪತ್ತು ಕನ್ನಡ ಕ್ರೈಸ್ತ ಕುಟುಂಬಗಳು ಚಾಪೆ ಹಾಸಿ ಕೂತು ಆರಾಧನೆ ಮಾಡುತ್ತಿದ್ದೆವು.

ಆ ಪಡಸಾಲೆಯ ಗೋಡೆಗೆ ಅಪ್ಪ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದ ನಿಯಮಗಳ ಹಾಳೆ ಅಂಟಿಸಿದ್ದರು. ಸಿನಿಮಾ ಇಲ್ಲ, ಹೂವಿಲ್ಲ, ಬಳೆಯಿಲ್ಲ, ಕುಂಕುಮವಿಲ್ಲ, ಬೇರೆಯವರ ಹಬ್ಬದ ತಿನಿಸಿಲ್ಲ. ಮೀರಿದವರು ಬಾಗಿಲ ಬಳಿಯ ಹಿಂದಿನ ಚಾಪೆಯಲ್ಲಿ ಕೂರಬೇಕು. ತಿಂಗಳ ಮೊದಲ ಭಾನುವಾರ ಯೇಸುವಿನ ನೆನಪಿಗೆ ಎಲ್ಲರಿಗೂ ಹಂಚುವ ಕರ್ತನ ಭೋಜನದ ರೊಟ್ಟಿಯ ತಟ್ಟೆ ಆ ಚಾಪೆಯವರೆಗೆ ಹೋಗುತ್ತಿರಲಿಲ್ಲ. ಎಲ್ಲರೆದುರು ಎದ್ದು ನಿಂತು ‘ತಪ್ಪಾತು’ ಅಂದರೆ ಮತ್ತೆ ಮುಂದೆ ಬರಬಹುದಿತ್ತು.

ಆ ರೊಟ್ಟಿ ಮಾಡುತ್ತಿದ್ದವಳು ನಮ್ಮವ್ವ. ಶನಿವಾರ ಸಂಜೆ ತಲೆಯ ಮೇಲೆ ಸೆರಗು ಹೊದ್ದು, ಉಪ್ಪು ಹುಳಿ ಏನೂ ಹಾಕದೆ ಗೋಧಿ ಹಿಟ್ಟು ನಾದಿ, ಬಾಯಲ್ಲೇ ಒಂದು ಕೀರ್ತನೆ ಗುನುಗುತ್ತ ಬೇಯಿಸುತ್ತಿದ್ದಳು. ನಾನು ಬಗಲಲ್ಲೇ ಕಾದು ಕೂತಿರುತ್ತಿದ್ದೆ. ಒಂದರ ಅಂಚು ಮುರಿದು ನನ್ನ ಬಾಯಿಗಿಟ್ಟು, “ಅಪ್ಪಗ ಹೇಳಬ್ಯಾಡ ಮತ್ತ,” ಅನ್ನುತ್ತಿದ್ದಳು. ಆ ಗುಟ್ಟನ್ನು ಮಾತ್ರ ನಾನು ಉಳಿಸಿಕೊಂಡೆ.

ನಮ್ಮ ಗೋಡೆಯಾಚೆ ಸುಮನ ಮಾವಶಿಯ ಮನೆ; ಮರಾಠಿಯವರು, ಚಿಕ್ಕಮ್ಮನನ್ನು ಕರೆಯುವಂತೆ ನಾನು ಅವರನ್ನು ಮಾವಶಿ ಎನ್ನುತ್ತಿದ್ದೆ. ಅವರ ಮಗಳು ನನ್ನ ಜೊತೆಗಾತಿ. ಅದಕ್ಕೂ ಎರಡು ಮಳೆಗಾಲದ ಹಿಂದೆ ಕಾಮಾಲೆಯಾಗಿ ತೀರಿಕೊಂಡಿದ್ದಳು. ಸಾವಿನ ಮನೆಯೆಂದು ಒಂದು ವರ್ಷ ಅಲ್ಲಿ ಹಬ್ಬವಿರಲಿಲ್ಲ. ಆ ಸಂಕ್ರಾಂತಿಗೆ ಮಾವಶಿ ಮೊದಲ ಸಲ ಅರಿಸಿನ ಕುಂಕುಮಕ್ಕೆ ಹೆಂಗಸರನ್ನು ಕರೆಯಲು ಹೊರಟವರು ನಮ್ಮ ಬಾಗಿಲಿಗೆ ಬಂದರು. ಕರೆಯುವಾಗ ಹಣೆಗೆ ಕುಂಕುಮ ಹಚ್ಚಿಯೇ ಕರೆಯಬೇಕು, ಅದು ಆ ಕಡೆಯ ರೂಢಿ.

“ವಹಿನಿ, ಪಹಿಲೆ ತುಮಚ್ಯಾಕಡೇಚ ಆಲೆ,” ಅಂದರು. ಅತ್ತಿಗೆ, ಮೊದಲು ನಿಮ್ಮ ಮನೆಗೇ ಬಂದೆ ಅಂತ. ಕೈಯಲ್ಲಿ ಕುಂಕುಮದ ಕರಂಡಕವಿತ್ತು. ಪ್ರತಿ ವರ್ಷ ಕೈ ಮುಗಿದು ಬೇಡವೆನ್ನುತ್ತಿದ್ದ ಅವ್ವ ಆ ದಿನ ಸೆರಗು ಸರಿಸಿ ಹಣೆ ಒಡ್ಡಿದಳು. ಇಬ್ಬರೂ ಹೊಸ್ತಿಲಲ್ಲೇ ತಬ್ಬಿಕೊಂಡು ಅತ್ತರು. ಅಪ್ಪ ಬರುವ ಹೊತ್ತಿಗೆ ಅವ್ವ ಮುಖ ತೊಳೆದಿದ್ದಳು. ನಾನು ಮಾವಶಿ ಕೊಟ್ಟ ಎಳ್ಳುಂಡೆ ತಿನ್ನುತ್ತ ಎಲ್ಲ ನೋಡಿದ್ದೆ.

ಭಾನುವಾರ ಆರಾಧನೆಗೆ ಮೊದಲು ಮಕ್ಕಳಿಗೆ ಅಪ್ಪನೇ ಪಾಠ ಹೇಳುತ್ತಿದ್ದರು. ಕೊನೆಗೆ, ಈ ವಾರ ಯಾರು ಏನು ತಪ್ಪು ಕಂಡಿರಿ ಎಂದು ಕೇಳುವರು. ನಿಜ ಹೇಳಿದವರಿಗೆ ಬಣ್ಣದ ಚಿತ್ರದ ಕಾರ್ಡು. ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಕುರುಬನ ಕಾರ್ಡು ಒಂದೇ ಉಳಿದಿತ್ತು, ನನಗೆ ಅದು ಬೇಕೇ ಬೇಕಿತ್ತು. ಎಲುಬಿಲ್ಲದ ನಾಲಿಗೆ ನನ್ನದು. ಎದ್ದು ನಿಂತು, “ನಮ್ಮವ್ವ ಮಾವಶಿ ಕಡೆ ಕುಂಕುಮ ಹಚ್ಚಿಸಿಕೊಂಡಳು,” ಅಂದುಬಿಟ್ಟೆ. ಅಷ್ಟರಲ್ಲಿ ದೊಡ್ಡವರೂ ಬಂದು ಹಿಂದೆ ಕೂತಿದ್ದರು.

ಅಪ್ಪ ಆ ಕಾರ್ಡನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಅವ್ವನ ಕಡೆ ನೋಡದೆ ಬಾಗಿಲ ಕಡೆ ಕೈ ತೋರಿಸಿದರು. ಹೋದ ವರ್ಷವಷ್ಟೇ ಬಳೆ ತೊಟ್ಟಳೆಂದು ಒಬ್ಬ ಹೊಸ ಮದುವಣಗಿತ್ತಿಯನ್ನು ಅವರೇ ಅಲ್ಲಿ ಕೂರಿಸಿದ್ದರು. ಈಗ ತಮ್ಮ ಹೆಂಡತಿಯನ್ನು ಹಾಗೇ ಬಿಟ್ಟರೆ ಜನ ಸುಮ್ಮನಿರುತ್ತಾರೆಯೇ? ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವ್ವ ಎದ್ದು ಹೋಗಿ ಹಿಂದಿನ ಚಾಪೆಯಲ್ಲಿ ಕೂತಳು.

ಮನೆಯಲ್ಲಿ ಅಪ್ಪ ಅಂಗಲಾಚಿದರು. “ಒಂದ ಮಾತು ಹೇಳಿಬಿಡು. ಮುಗದಹೋತು.”

“ಏನಂತ ಹೇಳ್ಲಿ?”

“ತಪ್ಪಾತು ಅಂತ.”

“ಮಗಳನ್ನ ಕಳಕೊಂಡಾಕಿ ಬಾಗಲಿಗೆ ಬಂದಿದ್ಲು. ಆಕಿ ಕೈ ದೂಡಿದ್ರ ಅದು ತಪ್ಪಾಗತಿತ್ತು,” ಅಂದಳು ಅವ್ವ, ಚಪಾತಿ ಲಟ್ಟಿಸುತ್ತಲೇ. “ಹಣಿ ತೊಳಕೊಂಡ್ರ ಸ್ವರ್ಗ ಸಿಗೂದಿದ್ರ ಯೇಸುಸ್ವಾಮಿ ಶಿಲುಬಿ ಮ್ಯಾಲೆ ಯಾಕ ಸಾಯಬೇಕಿತ್ತರೀ? ನನ್ನ ಆತ ಬಿಡಿಸ್ಯಾನ. ನೀವು ಮತ್ತ ಕಟ್ಟಬ್ಯಾಡ್ರಿ.”

ಅಪ್ಪ ಆ ದಿನ ಊಟವನ್ನೂ ಮಾಡಲಿಲ್ಲ.

ನಾನು ಆ ಕಾರ್ಡನ್ನು ಒಲೆಗೆ ಹಾಕಲು ಹೋದಾಗ ಅವ್ವ ಕಸಿದುಕೊಂಡಳು. “ನೀ ಖರೇನ ಹೇಳಿದಿ. ಅಳಬ್ಯಾಡ,” ಎಂದು ಅಡುಗೆಮನೆಯ ಡಬ್ಬಿಗಳಿಗೆ ಒರಗಿಸಿ, ನನಗೆ ಕಾಣುವಂತೆ, ಅದನ್ನು ನಿಲ್ಲಿಸಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಫೆಬ್ರುವರಿ, ಮಾರ್ಚ್, ಏಪ್ರಿಲ್, ಮೇ. ಪ್ರತಿ ತಿಂಗಳೂ ಶನಿವಾರ ಅವ್ವ ರೊಟ್ಟಿ ಮಾಡಿದಳು. ಪ್ರತಿ ತಿಂಗಳೂ ಭಾನುವಾರ ಅಪ್ಪ ಆ ತಟ್ಟೆ ಹಿಡಿದು ಸಾಲು ಸಾಲಾಗಿ ಬಂದು, ಕೊನೆಯ ಚಾಪೆಗೆ ಎರಡು ಹೆಜ್ಜೆ ಇರುವಾಗ ತಿರುಗಿ ಹೋದರು. ಅವ್ವ ತಲೆ ಬಗ್ಗಿಸುತ್ತಿರಲಿಲ್ಲ. ತನ್ನ ಕೈಯ ರೊಟ್ಟಿ ಎಲ್ಲರೂ ತಿನ್ನುವುದನ್ನು ನೋಡುತ್ತ, ಕೀರ್ತನೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದಳು. ಮೇ ತಿಂಗಳಲ್ಲಿ ತಿರುಗುವ ಮೊದಲು ಅಪ್ಪ ಅವ್ವನ ಕಡೆ ನೋಡಿದ್ದನ್ನು ನಾನು ಕಂಡೆ. ಆ ರಾತ್ರಿ ಅವರು ಅವ್ವನಿಗೆ, “ಮುಂದಿನ ತಿಂಗಳ ಏನರ ಮಾಡೂಣು,” ಅಂದರು.

ಮುಂದಿನ ತಿಂಗಳು ಬರಲಿಲ್ಲ. ಕೂಲರಿನ ಲಾವಂಚದ ಬೇರಿಗೆ ಎಷ್ಟು ನೀರು ಹಾಕಿದರೂ ಸಾಲದ ಬಿಸಿಲು. ಉಮರೇಡ್‌ನಲ್ಲಿದ್ದ ನಮ್ಮ ಸಭೆಯ ಬಾಣಂತಿಯೊಬ್ಬಳನ್ನು ನೋಡಲು ಹೋದ ಅವ್ವ ಮಟಮಟ ಮಧ್ಯಾಹ್ನ ಬಸ್ಸಿನಲ್ಲಿ ಮರಳಿದಳು. ಬಿಸಿಗಾಳಿ ಬಡಿದಿತ್ತು. ಮಾವಶಿ ಓಡಿ ಬಂದು ಮಾವಿನಕಾಯಿ ಪಾನಕ ಕುಡಿಸಿದರು, ಅಂಗಾಲಿಗೆ ಈರುಳ್ಳಿ ತಿಕ್ಕಿದರು. ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಅವ್ವ ಹೋದಳು.

ಮನೆಯಲ್ಲಿ ಶವಪೆಟ್ಟಿಗೆ ಮುಚ್ಚುವ ಮೊದಲು ಸಭೆಯವರೆಲ್ಲ ಸುತ್ತ ನಿಂತಿದ್ದರು. ಸುಮನ ಮಾವಶಿ ಅದೇ ಕರಂಡಕ ಹಿಡಿದು ಹೊಸ್ತಿಲ ಹೊರಗೆ ನಿಂತಿದ್ದರು. ಮುತ್ತೈದೆಯನ್ನು ಬರಿ ಹಣೆಯಲ್ಲಿ ಕಳಿಸಬಾರದು ಎನ್ನುವುದು ಅವರ ಮನಸ್ಸು. ಒಳಗೆ ಬರಲು ಧೈರ್ಯವಿಲ್ಲ. ಯಾರೋ ಬಾಗಿಲು ಮುಚ್ಚಲು ಹೋದರು. ಅಪ್ಪ ಎದ್ದು ಬಂದರು.

“ಯಾ ತಾಈ,” ಬನ್ನಿ ಅಕ್ಕ ಎಂದು ಮರಾಠಿಯಲ್ಲಿ ಕರೆದು, ಆಮೇಲೆ ಕನ್ನಡದಲ್ಲೇ ಹೇಳಿದರು. “ಹಚ್ಚರಿ. ಆಕಿ ಬ್ಯಾಡ ಅಂದಿರಲಿಲ್ಲ.”

ಮಾವಶಿ ಹಚ್ಚಿದರು. ಅಪ್ಪ ಪೆಟ್ಟಿಗೆಯ ಅಂಚು ಹಿಡಿದು ಅವ್ವನ ಕಿವಿಯ ಬಳಿ ಬಗ್ಗಿ, ‘ತಪ್ಪಾತು’ ಅಂದರು. ಎಲ್ಲರೆದುರೇ ಅಂದರು.

ಮುಂದಿನ ಭಾನುವಾರ ಗೋಡೆಯ ಹಾಳೆಯನ್ನು ಅವರೇ ಹರಿದು ಹಾಕಿದರು. ಹಿರಿಯತನ ಬಿಟ್ಟರು. ಸಾಯುವ ತನಕ ಹಿಂದಿನ ಚಾಪೆಯಲ್ಲೇ ಕೂತರು. ತಟ್ಟೆ ಈಗ ಅಲ್ಲಿಯವರೆಗೆ ಬರುತ್ತಿತ್ತು. ಅಪ್ಪ ಅದನ್ನು ಮುಟ್ಟದೆ ಪಕ್ಕದವರಿಗೆ ದಾಟಿಸುತ್ತಿದ್ದರು. ಅವ್ವ ಇದ್ದಿದ್ದರೆ ಕೈ ಹಿಡಿದು ತಿನ್ನಿಸುತ್ತಿದ್ದಳು.

ಈಗ ನಮ್ಮ ಸಭೆಗೆ ಸ್ವಂತ ಕಟ್ಟಡವಿದೆ, ಕುರ್ಚಿಗಳಿವೆ. ಹುಡುಗಿಯರು ಹಣೆಗೆ ಟಿಕಲಿ ಇಟ್ಟು, ಬಳೆ ತೊಟ್ಟು ಬಂದು ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ರೊಟ್ಟಿ ಮಾಡುವವರಿಲ್ಲ, ಬೇಕರಿಯ ಬ್ರೆಡ್ಡು ಬರುತ್ತದೆ. ಕುರಿಮರಿಯ ಕಾರ್ಡು ನನ್ನ ಬಳಿ ಇನ್ನೂ ಇದೆ. ತಟ್ಟೆ ನನ್ನ ಮುಂದೆ ಬಂದಾಗ ನಾನು ತೆಗೆದುಕೊಳ್ಳುತ್ತೇನೆ, ಅವ್ವ ಕಲಿಸಿದ್ದು ಅದನ್ನೇ. ಆದರೆ ಫೆಬ್ರುವರಿಯಿಂದ ಮೇವರೆಗಿನ ಆ ನಾಲ್ಕು ತುಂಡು ರೊಟ್ಟಿ ಅವಳಿಗೆ ಸೇರಬೇಕಾದದ್ದು. ಅದನ್ನು ಅವಳಿಗೆ ಕೊಡುವವರು ಇನ್ನು ಯಾರೂ ಇಲ್ಲ.