ಹಲಗೆಗೆ ನಿಂತ ಚಾಕುವಿನವನು

ಅಫಜಲಪುರಕ್ಕೆ ಸರ್ಕಸ್ ಬಂದಾಗ ಚಾಕು ಎಸೆಯುವವನ ಸಂಸಾರ ನಮ್ಮ ಪಕ್ಕದ ಕೋಣೆಯಲ್ಲಿ ಬಾಡಿಗೆಗಿತ್ತು. ಜೇವರ್ಗಿ ಕಡೆಯ ಮನುಷ್ಯ. ಮೀಸೆ ತೀಡುತ್ತ ಎಲ್ಲದಕ್ಕೂ "ಏನೂ ಆಗಂಗಿಲ್ರೀ" ಅನ್ನುತ್ತಿದ್ದ. ಹೆಂಡತಿಯನ್ನು ಹಲಗೆಗೆ ಆನಿಸಿ ನಿಲ್ಲಿಸಿ, ಅವಳ ಸುತ್ತ ಚಾಕು ನೆಡುವುದು ಅವನ ಆಟ.

ಒಂದು ಮಧ್ಯಾಹ್ನ ಎಣ್ಣೆಗಾಯಿಗೆ ಉಪ್ಪು ಹೆಚ್ಚಾಗಿದೆಯೆಂದು ಗೊಣಗಿ ತಾಟು ಸರಿಸಿದ. ಆಕೆ ಮಾತು ಬಿಟ್ಟಳು. ಸಂಜೆ ಆಟದಲ್ಲಿ ಹಲಗೆಯ ಹತ್ತಿರ ಹೋಗದೆ, ಎಲ್ಲರೆದುರು ಅವನ ಕೈಯಿಂದ ಚಾಕುಗಳನ್ನು ಕಸಿದುಕೊಂಡಳು.

"ಇವತ್ತ ನಾ ಒಗಿತೇನ್ರಿ. ನೀವು ಹೋಗಿ ನಿಂದರ್ರಿ."

"ಹುಚ್ಚ ಹಿಡದದೇನಬೇ ನಿನಗ? ಜನಾ ನೋಡಾಕತ್ತಾರ."

"ನೋಡ್ಲಿ. ಏನೂ ಆಗಂಗಿಲ್ರೀ."

ಜನ ಸಿಳ್ಳೆ ಹೊಡೆದರು. ಬೇರೆ ದಾರಿ ಕಾಣದೆ ಅವನು ಹೋಗಿ ನಿಂತು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಮೊದಲ ಚಾಕು ಕಿವಿಯ ಪಕ್ಕ ನಟ್ಟಿತು, ಮುಂದಿನದು ತೋಳಿನ ಕೆಳಗೆ. ಅವನು ಎಸೆಯುತ್ತಿದ್ದುದಕ್ಕಿಂತ ಎಲ್ಲವೂ ಹತ್ತಿರ! ಅವನಿಗೆ ಆ ವಿದ್ಯೆ ಕಲಿಸಿದವನು ಆಕೆಯ ಅಪ್ಪನೇ ಎಂಬುದು ನಮಗೆ ಆಮೇಲೆ ತಿಳಿಯಿತು.

ಚಾಕುಗಳು ಮುಗಿದು ಚಪ್ಪಾಳೆ ಎದ್ದರೂ ಅವನು ಕಣ್ಣು ತೆರೆಯಲಿಲ್ಲ. ಮುಂದೆ ಕೂತಿದ್ದ ಅವರ ಪುಟ್ಟ ಮಗಳು ಎದ್ದು ನಿಂತು ಕೂಗಿದಳು:

"ಅಪ್ಪಾ, ಕಣ್ಣ ತೆರಿ! ಅವ್ವ ನಗಾಕತ್ತಾಳ."