ಹಿಂದಿನ ಸೀಟಿನ ಸಂಡಿಗೆ

ನಮ್ಮ ಡಾಕ್ಟರ್ ಆಂಟಿಯ ಬಲಗಾಲು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಸೋಫಾದಲ್ಲಿ ಕೂತು ಕಾಫಿ ಕುಡಿಯುವಾಗಲೂ ಬರಿಗಾಲಿನ ಹೆಬ್ಬೆರಳು ನೆಲವನ್ನು ಒತ್ತುತ್ತಲೇ ಇರುತ್ತಿತ್ತು. ಅರ್ಧ ಲೋಟಕ್ಕೇ ಎದ್ದು, "ಕುಂತಲ್ಲೇ ಕುಂತರ ಹೆಂಗವಾ? ಬರ್ತೀನಿ" ಎಂದು ಹೊರಟುಬಿಡುವರು.

ಎಪ್ಪತ್ತರ ದಶಕದ ಶುರು. ನಾನು ಮದುವೆಯಾಗಿ ಮೈಸೂರಿನಿಂದ ಡಲ್ಲಾಸ್‌ಗೆ ಬಂದು ವರ್ಷವಾಗಿತ್ತು. ಧಾರವಾಡದ ಕಡೆಯ ಈ ಆಂಟಿ ನಮ್ಮ ಕೆಳಗಿನ ಅಪಾರ್ಟ್‌ಮೆಂಟಿನಲ್ಲಿದ್ದರು. ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು, ಒಂಟಿ ಜೀವ. ಮಂದಿಯನ್ನು ಮಲಗಿಸುವುದೇ ಕೆಲಸ, ತಾವು ಮಾತ್ರ ಕೂರುವವರೂ ಅಲ್ಲ. ಇನ್ನೂರು ಮೈಲಿ ದೂರದ ಆಸ್ಟಿನ್‌ನಲ್ಲಿ ಓದುತ್ತಿದ್ದ ಕನ್ನಡದ ಹುಡುಗರಿಗೆ ಸಾರಿನ ಪುಡಿ ಕೊಡಬೇಕೆಂದು ಹೋಗಿ ಅದೇ ದಿನ ವಾಪಸ್ ಬರುವರು.

ಅವರ ಕಾರಿನ ಬಗ್ಗೆ ಹೇಳಲೇಬೇಕು. ಐವತ್ತರ ದಶಕದ ಕನ್ವರ್ಟಿಬಲ್. ಕೆನೆಬಣ್ಣ, ಕೆಂಪು ಚರ್ಮದ ಸೀಟು, ಹಿಂದೆ ಮೀನಿನ ರೆಕ್ಕೆಯಂಥ ಎರಡು ಕೊಂಬು. ಗುಂಡಿ ಒತ್ತಿದರೆ ಛಾವಣಿ ಮಡಚಿಕೊಂಡು ಹಿಂದಕ್ಕೆ ಹೋಗುತ್ತಿತ್ತು. ಒಂದು ಕಾಲಕ್ಕೆ ಯಾವ ಸಾಹುಕಾರ ಮೆರೆದ ಕಾರೋ ಏನೋ! ಆಂಟಿ ಅದರಲ್ಲಿ ಸಂಡಿಗೆ ಒಣಗಿಸುತ್ತಿದ್ದರು. ಬಾಲ್ಕನಿಯಲ್ಲಿ ಏನೂ ಹರವಬಾರದೆಂದು ಮ್ಯಾನೇಜರು ಚೀಟಿ ಅಂಟಿಸಿದ್ದ. ಇವರು ಛಾವಣಿ ತೆಗೆದು, ಹಿಂದಿನ ಸೀಟಿಗೆ ಹಳೇ ಸೀರೆ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಕಿ ಸಾಲಾಗಿ ಸಂಡಿಗೆ ಇಡುವರು. ಟೆಕ್ಸಾಸ್ ಬಿಸಿಲು ಪುಕ್ಕಟೆ ತಾನೆ?

ಆ ಬೇಸಿಗೆ ನನ್ನ ತಳಮಳ ಹೇಳತೀರದು. ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು, ಅಲ್ಲಿಗೆ ಬಸ್ಸಿರಲಿಲ್ಲ. ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದೆ. ಸೋಮವಾರ ಕ್ಲಾಸು ಶುರು. ಯಜಮಾನರು, "ಮುಂದಿನ ವರ್ಷ ಸೇರ್ಕೊಂಡ್ರಾಯ್ತು ಬಿಡು" ಎಂದರು. ಮೈಯೆಲ್ಲ ಉರಿದುಹೋಯಿತು. ಇನ್ನೊಂದು ವರ್ಷ ಆ ನಾಲ್ಕು ಗೋಡೆ ನೋಡುತ್ತಾ ಕೂತಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು, ಸುಳ್ಳಲ್ಲ.

ಕಲಿಸಿದವರು ಆಂಟಿಯೇ. ನಾನು ಬ್ರೇಕ್ ಹಾಕಿದರೆ ಇಬ್ಬರ ಹಣೆಯೂ ಮುಂದಕ್ಕೆ. "ಬ್ರೇಕಿನ ಮ್ಯಾಲೆ ಅಷ್ಟ್ಯಾಕ ಸಿಟ್ಟವಾ? ಒದೀಬ್ಯಾಡ, ಒತ್ತು!" ಎನ್ನುವರು. ಎರಡು ಸಲವೂ ನನ್ನನ್ನು ಕೆಡವಿದ್ದು ಅದೇ ಒದೆತ.

ಶುಕ್ರವಾರ ಮೂರನೇ ಟೆಸ್ಟು. ಯಜಮಾನರು ನಮ್ಮ ಕಾರನ್ನು ಆಫೀಸಿಗೆ ಒಯ್ದಿದ್ದರು. ಕೆಳಗಿಳಿದು ನೋಡಿದರೆ ಆಂಟಿಯ ಕಾರಿನ ಹಿಂದಿನ ಸೀಟಿನ ತುಂಬಾ ಸಂಡಿಗೆ.

"ಅಯ್ಯೋ ಆಂಟಿ, ಇದನ್ನ ಎತ್ತಿಡೋಣ!"

"ಹಸೀ ಅದಾವ, ಎತ್ತಿದ್ರ ಮುದ್ದಿ ಆಗ್ತಾವ. ಹೊತ್ತಾತು, ನಡಿ. ಮೆಲ್ಲಕ ಬಿಡು. ಒಂದ ಒಂದು ಜರುಗಿದ್ರೂ ನೋಡು ಮತ್ತ!"

ಟೆಸ್ಟ್ ಮಾಡುವ ಅಧಿಕಾರಿ ಅಗಲ ಟೋಪಿಯ ಭಾರಿ ಆಳು. ಆಂಟಿಯನ್ನು ಕೆಳಗಿಳಿಸಿ ತಾನು ಹತ್ತಿದವನು ಹಿಂದಕ್ಕೆ ತಿರುಗಿ ನೋಡಿ, "ಏನಮ್ಮಾ ಇದು?" ಎಂದ. ನನಗೆ "ತಿನ್ನೋದು" ಎಂದಷ್ಟೇ ಹೇಳಲು ಬಂತು. ಅವನು ಕಾಗದದಲ್ಲಿ ಏನೋ ಗೀಚಿಕೊಂಡ. ಮುಗಿಯಿತು ಕಥೆ ಎಂದುಕೊಂಡೆ.

ಆಮೇಲೆ ನಡೆದದ್ದು ಇಷ್ಟೇ: ಅವನ ಭಯವೇ ನನಗೆ ಉಳಿಯಲಿಲ್ಲ. ಸಂಡಿಗೆ ಒಂದಕ್ಕೊಂದು ಅಂಟಿಕೊಂಡರೆ ಆಂಟಿಗೆ ಏನು ಹೇಳಲಿ ಎಂಬುದೊಂದೇ ಚಿಂತೆ. ತಿರುವಿನಲ್ಲಿ ನಿಧಾನ, ಸಿಗ್ನಲ್ಲಿನಲ್ಲಿ ಮೊಸರಿನ ಪಾತ್ರೆ ಇಳಿಸಿದ ಹಾಗೆ ಬ್ರೇಕು. ವಾಪಸ್ ಬಂದಾಗ ಆಂಟಿ ಫುಟ್‌ಪಾತಿನ ಮೇಲೆ ಆ ತುದಿಯಿಂದ ಈ ತುದಿಗೆ ಅಡ್ಡಾಡುತ್ತಿದ್ದರು. ಅಧಿಕಾರಿ ಇಳಿದು, "ಪಾಸು. ಇಷ್ಟು ನಾಜೂಕಾಗಿ ಗಾಡಿ ಓಡಿಸಿದ್ದನ್ನು ಈ ವಾರ ನೋಡಿರಲಿಲ್ಲ" ಎಂದ.

"ಬೇಕಂತಲೇ ಇಟ್ಟಿದ್ರಾ?" ಎಂದು ಆಂಟಿಯನ್ನು ಕೇಳಿದೆ.

"ಹುಚ್ಚಿ! ನನಗ ನನ್ನ ಸಂಡಿಗಿ ಚಿಂತಿ ಇತ್ತು" ಎಂದರು. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಸೋಮವಾರ ನಾನು ಕ್ಲಾಸಿನಲ್ಲಿದ್ದೆ.

ಮುಂದೆ ಅವರು ಹ್ಯೂಸ್ಟನ್‌ಗೆ ಶಿಫ್ಟ್ ಆದರು. ನಾನು ಓದು ಮುಗಿಸಿ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದೆ. ಕೆಲವು ವರ್ಷಗಳ ಮೇಲೆ ಒಂದು ಗುರುವಾರ ಫೋನು ಬಂತು: ಆಂಟಿಗೆ ಲಿವರ್ ಕ್ಯಾನ್ಸರ್, ಬಹಳ ದಿನ ಇಲ್ಲ. ಯಜಮಾನರು, "ಭಾನುವಾರ ನಾನೇ ಕರ್ಕೊಂಡು ಹೋಗ್ತೀನಿ" ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ರಜೆ ಹೇಳಿ ಹೊರಟುಬಿಟ್ಟೆ. ನಾಲ್ಕೂವರೆ ಗಂಟೆ ದಾರಿ, ಅಷ್ಟು ದೂರ ಒಬ್ಬಳೇ ಹೋದದ್ದು ಅದೇ ಮೊದಲು.

ಆಂಟಿ ಗುರುತೇ ಸಿಗದಷ್ಟು ಸಣ್ಣಗಾಗಿದ್ದರು. ನನ್ನ ಹಿಂದೆ ಬಾಗಿಲ ಕಡೆ ನೋಡಿ, "ಯಾರ ಜೋಡಿ ಬಂದಿ?" ಎಂದರು.

"ಯಾರೂ ಇಲ್ಲ ಆಂಟಿ. ಒಬ್ಬಳೇ ಬಂದೆ."

"ಒಬ್ಬಾಕಿನ?"

"ಹೂಂ."

ನನ್ನ ಕೈ ಹಿಡಿದುಕೊಂಡು ಸಂಜೆಯವರೆಗೆ ಬಿಡಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ.

ಅದೇ ರಾತ್ರಿ ನಾನು ಡಲ್ಲಾಸ್‌ಗೆ ವಾಪಸ್ ಬಂದೆ. ಶನಿವಾರ ಆಂಟಿ ಹೋಗಿಬಿಟ್ಟರು. ಭಾನುವಾರ ಯಜಮಾನರು ಹೇಳಿದ ಮಾತಿನಂತೆ ನನ್ನನ್ನು ಹ್ಯೂಸ್ಟನ್‌ಗೆ ಕರೆದುಕೊಂಡು ಹೋದರು, ಅಂತ್ಯಕ್ರಿಯೆಗೆ.