ಮೂರು ಅಡಿ ಜಾಗ

ಬಾಯಮ್ಮನ ಬಲಗೈಯ ಹೆಬ್ಬೆರಳು ಹಿಂದಕ್ಕೆ ಬಾಗಿಕೊಂಡಿತ್ತು. ಕುವೈತಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದು, ನಿಲ್ಲಲಾಗದವರ ಸೊಂಟಕ್ಕೆ ಅಗಲದ ಬೆಲ್ಟ್ ಕಟ್ಟಿ ಅದಕ್ಕೆ ಕೈಹಾಕಿ ಎಬ್ಬಿಸಿ ಎಬ್ಬಿಸಿ ಅದು ಹಾಗಾಗಿತ್ತು. ಚಹಾದ ಲೋಟ ಹಿಡಿಯುವಾಗ ಅದೊಂದು ಬೆರಳು ಲೋಟವನ್ನು ಮುಟ್ಟುತ್ತಲೇ ಇರಲಿಲ್ಲ. ಆದರೆ ಬೆಲ್ಟ್ ಹಿಡಿದರೆ ಅವರ ಕೈ ಜಾರಿದ್ದನ್ನು ನಾನು ನೋಡಿಲ್ಲ. ಎಂಬತ್ತು ಕಿಲೋ ತೂಗುತ್ತಿದ್ದ ನನ್ನ ಅಪ್ಪನನ್ನೂ ಆ ಕೈ ಬೀಳಲು ಬಿಡಲಿಲ್ಲ.

ಕುಲಶೇಖರದ ನಮ್ಮ ಒಳರಸ್ತೆಯಲ್ಲಿ ಅವರದು ನಮ್ಮಿಂದ ನಾಲ್ಕನೆಯ ಮನೆ. ಅವರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ನಾವು ತುಳುವಿನವರು. ಇಡೀ ರಸ್ತೆಗೆ ಅವರು ಬಾಯಮ್ಮ. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳು ಮಸ್ಕತ್ತಿನಲ್ಲಿದ್ದಳು.

ಅಪ್ಪನಿಗೆ ಪಾರ್ಶ್ವವಾಯು ಬಡಿದು ಆಸ್ಪತ್ರೆಯಿಂದ ಮನೆಗೆ ತಂದ ಮೂರನೆಯ ದಿನ ಅವರು ಕರೆಯದೆಯೇ ಬಂದರು. ಹೂವಿನ ನೈಟಿ, ಹೆಗಲ ಮೇಲೊಂದು ಟವೆಲ್, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ನಾನು ಅಪ್ಪನನ್ನು ಹಾಲ್‌ನಲ್ಲಿ ಅತ್ತಿಂದಿತ್ತ ನಡೆಸಲು ಒದ್ದಾಡುತ್ತಿದ್ದೆ.

"ಮನೆಯೊಳಗೆ ನಡೆಸಿದ್ರೆ ಮನೆಯೊಳಗೇ ಉಳೀತಾರೆ ಮಾರಾಯ," ಎಂದರು. "ರಸ್ತೆಗೆ ಕರ್ಕೊಂಡು ಬಾ."

ಅಪ್ಪ ಮೊದಲು ತನ್ನಷ್ಟಕ್ಕೆ ನಿಂತದ್ದು ನಮ್ಮ ಕಂಪೌಂಡ್ ಗೋಡೆ ಹಿಡಿದುಕೊಂಡು. ಕೆಂಪುಕಲ್ಲಿನ ಆ ಗೋಡೆಯನ್ನು ಅವರೇ ಮುಂದೆ ನಿಂತು ಕಟ್ಟಿಸಿದ್ದರು. ಬಾಯಮ್ಮ ಹಿಂದಿನಿಂದ ಬೆಲ್ಟ್ ಹಿಡಿದು, "ಒಂಜಿ... ರಡ್ಡ್... ಮೂಜಿ..." ಎಂದು ತುಳುವಿನಲ್ಲಿ ಎಣಿಸುತ್ತಿದ್ದರು. ತುಳುವಿನವರಿಗೆ ತುಳುವಿನಲ್ಲಿ, ತಮ್ಮವರಿಗೆ ಕೊಂಕಣಿಯಲ್ಲಿ. ಹಠ ಮಾಡಿದವರಿಗೆ ಮಾತ್ರ ಅರಬ್ಬಿಯಲ್ಲಿ! ಅದು ಬೈಗುಳವೆಂದು ತಿಳಿದು ಅಪ್ಪ ಬೇಗ ಬೇಗ ಕಾಲೆತ್ತುತ್ತಿದ್ದರು. ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಪ್ಪ ಒಬ್ಬರೇ ಹೋಗಿ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಬಂದಾಗ ಅಮ್ಮ ಗೇಟಿನಲ್ಲಿ ನಿಂತು ಅತ್ತಿದ್ದಳು. ಆಮೇಲೆ ಎರಡು ವರ್ಷ ಅಪ್ಪ ನಡೆದರು. ತೀರಿಕೊಂಡ ಹಿಂದಿನ ಸಂಜೆಯೂ ನಡೆದಿದ್ದರು.

ಅಪ್ಪನ ನಂತರ ಬೇರೆಯವರು ಬಂದರು. ಮಂಡಿಯ ಆಪರೇಷನ್ ಆದವರು, ಸೊಂಟ ಮುರಿದವರು, ಅಪ್ಪನಂತೆಯೇ ಒಂದು ಪಕ್ಕ ಸೋತವರು. ನಡೆಯಲು ಜಾಗವೇ ಇರಲಿಲ್ಲ. ಸುತ್ತ ಫ್ಲಾಟುಗಳು ಏಳುತ್ತಿದ್ದವು. ಜಲ್ಲಿ ಲಾರಿ, ನೀರಿನ ಟ್ಯಾಂಕರ್, ಶಾಲೆಯ ವ್ಯಾನು ಎಲ್ಲಕ್ಕೂ ಅದೇ ಇಕ್ಕಟ್ಟಾದ ರಸ್ತೆ. ಒಂದು ಕಾಲು ಡಾಮರಿನ ಮೇಲೆ, ಇನ್ನೊಂದು ಕಾಲು ಚರಂಡಿಯ ಅಲುಗಾಡುವ ಕಲ್ಲಿನ ಮೇಲೆ ಇಟ್ಟು ನಡೆಯಬೇಕಿತ್ತು.

ಫುಟ್‌ಪಾತ್ ಬೇಕೆಂದು ಬಾಯಮ್ಮ ಪಾಲಿಕೆಗೆ ಅರ್ಜಿ ಬರೆದರು, ಮತ್ತೆ ಬರೆದರು. ಕೊನೆಗೊಂದು ದಿನ ಇಂಜಿನಿಯರ್ ಬಂದರು. ಜೀಪಿನಿಂದ ಇಳಿದವರನ್ನು ಬಾಯಮ್ಮ ಬಸ್‌ಸ್ಟಾಪಿಗೆ ಕರೆದುಕೊಂಡು ಹೋಗಿ, ಹೆಗಲ ಟವೆಲನ್ನು ಅವರ ಬಲ ಮೊಣಕಾಲಿಗೆ ಬಿಗಿದು ಕಟ್ಟಿದರು.

"ಸಾರ್, ಇನ್ನು ಕಾಲು ಮಡಚ್ಲಿಕ್ಕಿಲ್ಲ. ಹಾಗೇ ನನ್ನ ಮನೆವರೆಗೆ ಬನ್ನಿ. ಚಹಾ ಉಂಟು."

ಇಂಜಿನಿಯರ್ ಮೊದಲು ನಕ್ಕರು. ದಾರಿಯಲ್ಲಿ ಎರಡು ಸಲ ಚರಂಡಿಯ ಅಂಚಿಗೆ ಜಾರಿದರು, ಹಿಂದಿನಿಂದ ಲಾರಿ ಹಾರ್ನ್ ಹಾಕಿದಾಗ ನಮ್ಮ ಗೋಡೆಗೆ ಅಂಟಿಕೊಂಡು ನಿಂತರು. ಬಾಯಮ್ಮನ ಜಗಲಿಯಲ್ಲಿ ಟವೆಲ್ ಬಿಚ್ಚಿಕೊಡುತ್ತಾ, "ಆಯ್ತಮ್ಮ, ಬರೀತೇನೆ," ಎಂದರು.

ಅವರು ಬರೆದರು, ಹಣವೂ ಮಂಜೂರಾಯಿತು. ಆದರೆ ರಸ್ತೆ ಸಣ್ಣದು. ಆ ಬದಿಯ ಪ್ರತಿ ಮನೆಯವರೂ ಕಂಪೌಂಡಿನಿಂದ ಮೂರು ಅಡಿ ಬಿಟ್ಟುಕೊಟ್ಟರೆ ಮಾತ್ರ ಫುಟ್‌ಪಾತ್ ಎಂದರು ಪಾಲಿಕೆಯವರು. ಬಾಯಮ್ಮ ಎಲ್ಲರಿಗಿಂತ ಮೊದಲು ತಮ್ಮ ಗೋಡೆ ಕೆಡವಿಸಿ, ಒಪ್ಪಿಗೆ ಪತ್ರ ಹಿಡಿದು ಮನೆಮನೆಗೆ ಹೋದರು. ಎಲ್ಲರೂ ಸಹಿ ಹಾಕಿದರು.

ನಾನು ಹಾಕಲಿಲ್ಲ.

"ಮೂರು ಅಡಿ ಮಾರಾಯ," ಎಂದರು ನಮ್ಮ ಜಗಲಿಯಲ್ಲಿ ಕುಳಿತು. "ಆ ಮೂರಡಿಯಲ್ಲಿ ನಿಂಗೆ ಎಂತ ಉಂಟು? ನಾಲ್ಕು ಕ್ರೋಟನ್ ಗಿಡ."

"ಅಪ್ಪ ಕಟ್ಟಿಸಿದ ಗೋಡೆ, ಬಾಯಮ್ಮ."

ಅವರು ತಿರುಗಿ ಗೋಡೆಯನ್ನು ನೋಡಿದರು. "ಹೌದು. ಅವರು ಅದನ್ನು ಹಿಡ್ಕೊಂಡೇ ಎದ್ದು ನಿಂತದ್ದು. ನಂಗೆ ಗೊತ್ತುಂಟು," ಎಂದು ಹೇಳಿ ಕಾಗದ ಮಡಚಿಕೊಂಡು ಹೋದರು. ಮತ್ತೊಮ್ಮೆ ಕೇಳಲಿಲ್ಲ.

ಅಪ್ಪನ ಗೋಡೆ ಎಂದದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಮ್ಮ ಜಾಗದಲ್ಲಿ ಫ್ಲಾಟ್ ಕಟ್ಟುವ ಬಗ್ಗೆ ಬಿಲ್ಡರ್ ಒಬ್ಬರ ಜೊತೆ ನನ್ನ ಮಾತುಕತೆ ನಡೆದಿತ್ತು. ಎದುರಿನ ಜಾಗ ಒಂದಡಿಯೂ ಬಿಡಬೇಡಿ ಎಂದು ಅವರು ಹೇಳಿದ್ದರು. ಅದನ್ನು ನಾನು ಬಾಯಮ್ಮನಿಗೆ ಹೇಳಲಿಲ್ಲ.

ಫುಟ್‌ಪಾತ್ ಆಯಿತು. ಇಂಟರ್‌ಲಾಕ್ ಇಟ್ಟಿಗೆ ಹಾಸಿ, ಗೇಟುಗಳ ಎದುರು ಮೆಟ್ಟಿಲಿಲ್ಲದೆ ಇಳಿಜಾರು ಮಾಡಿ, ನೋಡಲು ಚೆಂದವೇ ಆಯಿತು. ನಮ್ಮ ಗೋಡೆಯ ಹತ್ತಿರ ಬಂದು ನಿಂತುಹೋಗಿ, ಗೋಡೆ ಮುಗಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ನಡುವೆ ಇಪ್ಪತ್ತೆರಡು ಹೆಜ್ಜೆ ರಸ್ತೆಗೆ ಇಳಿಯಬೇಕು. ಇಪ್ಪತ್ತೆರಡು ಎಂದು ಎಣಿಸಿದ್ದು ಬಾಯಮ್ಮ. ನನ್ನ ಎದುರಿಗೇ ಒಬ್ಬ ಅಜ್ಜಿಯನ್ನು ನಡೆಸುತ್ತಾ ಎಣಿಸಿದರು. ನನ್ನನ್ನು ನೋಡಿ ಎಂದಿನಂತೆ ನಕ್ಕರು.

ಮಳೆಗಾಲ ಶುರುವಾದ ವಾರ, ಸಂಜೆ, ಆ ಅಜ್ಜಿಯನ್ನು ಮನೆಗೆ ಬಿಟ್ಟು ಅವರು ಒಬ್ಬರೇ ವಾಪಸು ಬರುತ್ತಿದ್ದರು. ನಾನು ಅಂಗಳದಲ್ಲಿದ್ದೆ. ಟ್ಯಾಂಕರ್ ಹಾರ್ನ್ ಕೇಳಿತು, ಹಿಂದೆಯೇ ಏನೋ ಕುಸಿದ ಸದ್ದು. ಓಡಿ ಹೋಗಿ ನೋಡಿದರೆ, ಬದಿಗೆ ಸರಿಯಲು ಹೋದವರ ಕಾಲು ಚರಂಡಿಯ ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿ, ಅವರು ನಮ್ಮ ಗೋಡೆಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದರು. ಟ್ಯಾಂಕರ್ ನಿಲ್ಲಲಿಲ್ಲ, ಅದು ಅವರನ್ನು ಮುಟ್ಟಿಯೂ ಇರಲಿಲ್ಲ.

"ಸೊಂಟ ಹೋಯ್ತು," ಎಂದರು ನರ್ಸಿನ ದನಿಯಲ್ಲಿ, ಬೇರೆ ಯಾರದೋ ಸೊಂಟದ ಬಗ್ಗೆ ಹೇಳುವಂತೆ. "ಎಳೀಬೇಡ. ಹಲಗೆ ಏನಾದ್ರೂ ಉಂಟಾ ನೋಡು."

ಆಸ್ಪತ್ರೆಗೆ ಹೋಗುವಾಗ ಕಾರಿನಲ್ಲಿ ಹೇಳಿದರು: "ಬಾತ್‌ರೂಮಿನಲ್ಲಿ ಬಿದ್ದದ್ದು ಅಂತ ಹೇಳು."

"ಯಾಕೆ ಬಾಯಮ್ಮ?"

"ರಸ್ತೆಯಲ್ಲಿ ಅಂದ್ರೆ ಮಗಳು ಇನ್ನು ಹೊರಗೆ ಬಿಡ್ಲಿಕ್ಕಿಲ್ಲ. ಮತ್ತೆ ಎಲ್ಲಿ, ಹೇಗೆ ಅಂತ ಕೇಳ್ತಾರೆ. ನಿನ್ನ ಹೆಸರು ಯಾಕೆ ಬರ್ಬೇಕು?"

ನಾನು ಒಪ್ಪಿಕೊಂಡೆ. ಡಾಕ್ಟರಿಗೂ, ಮಸ್ಕತ್ತಿನಿಂದ ಓಡಿ ಬಂದ ಮಗಳಿಗೂ ಹಾಗೆಯೇ ಹೇಳಿದೆ.

ಆಪರೇಷನ್ ಆಯಿತು. ನಂತರ ಎದೆಗೆ ಕಫ ಕಟ್ಟಿ, ಜ್ವರ ಬಂದು ಬಿಟ್ಟು, ಅವರು ಇಳಿದುಹೋದರು. ನಾನು ಮಾರನೆಯ ವಾರವೇ ಪಾಲಿಕೆಗೆ ಹೋಗಿ ಒಪ್ಪಿಗೆ ಪತ್ರ ಕೊಟ್ಟೆ. ಮಳೆ ಬಿಟ್ಟ ಮೇಲೆ ಕೆಲಸ ಎಂದರು. ಬಾಯಮ್ಮನಿಗೆ ತಿಳಿಸಿದಾಗ, "ಒಳ್ಳೇದಾಯ್ತು. ಗೇಟಿನ ಹತ್ರ ಮೆಟ್ಟಿಲು ಮಾಡ್ಲಿಕ್ಕೆ ಬಿಡ್ಬೇಡ," ಎಂದರು, ಅಷ್ಟೇ. ಆಣೆ ಮಾಡಿ ಹೇಳುತ್ತೇನೆ, ಆ ಮಾತಿನಲ್ಲಿ ಕೊಂಕು ಇರಲಿಲ್ಲ.

ಒಂದು ದಿನ ಅವರದೇ ಬೆಲ್ಟನ್ನು ಅವರ ಸೊಂಟಕ್ಕೆ ಕಟ್ಟಿ, ಅವರೇ ಕಲಿಸಿದ ಹಾಗೆ ಹಿಂದಿನಿಂದ ಹಿಡಿದು ಎಬ್ಬಿಸಿದೆ. ಭಾರವೇ ಇರಲಿಲ್ಲ. "ಏಕ್... ದೋನ್..." ಎಂದು ನನಗೆ ಬರುವಷ್ಟು ಕೊಂಕಣಿಯಲ್ಲಿ ಎಣಿಸಿದೆ. ಎರಡು ಹೆಜ್ಜೆಯಾಯಿತು. ಮೂರನೆಯದಕ್ಕೆ ಕಾಲು ಏಳಲಿಲ್ಲ. ಮಂಚದ ಅಂಚಿನಲ್ಲಿ ಕುಳಿತು ತಮ್ಮ ಪಾದಗಳನ್ನು ನೋಡಿದರು.

"ಸಾಕು ಮಾರಾಯ. ನಾನೇ ಎಷ್ಟೋ ಜನರನ್ನು ನೋಡಿದ್ದೇನೆ. ಇದು ನಡೆಯುವ ಕಾಲಲ್ಲ."

ಮಳೆ ಬಿಟ್ಟಿತು. ನಮ್ಮ ಗೋಡೆ ಕೆಡವಿದ ವಾರವೇ ಅವರು ತೀರಿಕೊಂಡರು. ದೇಹವನ್ನು ಇಗರ್ಜಿಗೆ ಒಯ್ಯುವ ದಿನ ಅವರು ನಡೆಸಿದವರೆಲ್ಲ ಬಂದಿದ್ದರು, ಕೋಲು ಹಿಡಿದವರು, ಕುಂಟುವವರು. ನಮ್ಮ ಮನೆಯೆದುರು ಕೆಂಪುಕಲ್ಲಿನ ರಾಶಿ ಬಿದ್ದಿತ್ತು. ಅವರೆಲ್ಲ ಒಬ್ಬೊಬ್ಬರಾಗಿ ರಸ್ತೆಗೆ ಇಳಿದು ದಾಟಬೇಕಾಯಿತು. ನಾನು ಕೈಕೊಟ್ಟು ಇಳಿಸುತ್ತಾ ನಿಂತಿದ್ದೆ.

ತೀರಿಕೊಂಡ ತಿಂಗಳಿಗೆ ಇಗರ್ಜಿಯಲ್ಲಿ ಮಾಡಿಸುವ ಪೂಜೆ ಮುಗಿಸಿ ಮಗಳು ಮನೆಗೆ ಬೀಗ ಹಾಕಿ ಹೊರಡುವ ಹಿಂದಿನ ದಿನ ಹೋಗಿ ಎಲ್ಲವನ್ನೂ ಹೇಳಿದೆ. ಬಿಲ್ಡರನ ಮಾತನ್ನೂ ಬಿಡಲಿಲ್ಲ. ಅವಳು ಬಟ್ಟೆ ಮಡಚುತ್ತಿದ್ದಳು. ಮಡಚುವುದನ್ನು ನಿಲ್ಲಿಸಿದಳು.

"ಬಾತ್‌ರೂಮಿನ ಟೈಲ್ಸ್ ಎಲ್ಲ ಕೀಳಿಸಿದೆ ಅಣ್ಣ, ನಾನು," ಎಂದಳು. "ಜಾರುವ ಟೈಲ್ಸ್ ಹಾಕಿದ್ದಿ ಅಂತ ಟೈಲ್ಸಿನವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಮಮ್ಮಿ ಮಂಚದ ಮೇಲೆ ಮಲಗಿ ಕೇಳ್ತಾ ಇದ್ರು."

ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು.

"ನೀವೀಗ ಹೋಗಿ," ಎಂದಳು.

ಅವಳಿಗೆ ಎರಡು ಸಲ ಮೆಸೇಜ್ ಮಾಡಿದ್ದೇನೆ. ಓದಿದ್ದಾಳೆ, ಉತ್ತರ ಬಂದಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ಬಿಲ್ಡರನಿಗೆ ಬೇಡವೆಂದು ಹೇಳಿದ್ದೇನೆ. ಫುಟ್‌ಪಾತ್ ಈಗ ಬಸ್‌ಸ್ಟಾಪಿನವರೆಗೆ ಎಲ್ಲೂ ತುಂಡಾಗದೆ ಹೋಗುತ್ತದೆ. ಹೊಸ ಫ್ಲಾಟಿಗೆ ಬಂದವರು ಸಂಜೆ ಮಕ್ಕಳ ಗಾಡಿ ತಳ್ಳಿಕೊಂಡು ಹೋಗುವಾಗ ನನ್ನನ್ನು ಕಂಡು ನಿಲ್ಲುತ್ತಾರೆ. "ನೀವು ಜಾಗ ಬಿಟ್ಟುಕೊಟ್ರಂತೆ ಸಾರ್, ದೊಡ್ಡ ಉಪಕಾರವಾಯ್ತು," ಎನ್ನುತ್ತಾರೆ. ಅವರಿಗೆ ಬಾಯಮ್ಮ ಯಾರೆಂದು ಗೊತ್ತಿಲ್ಲ. ನಾನು ಹೇಳಲು ತೊಡಗುತ್ತೇನೆ. ಪ್ರತಿ ಸಲವೂ ಬಾಯಮ್ಮ ನಮ್ಮಪ್ಪನನ್ನು ನಡೆಸಿದ ಕಥೆಯವರೆಗೆ ಹೇಳಿ, ಮುಂದಕ್ಕೆ ಹೋಗಲಾರದೆ ನಿಂತುಬಿಡುತ್ತೇನೆ.